ಶನಿವಾರದವರ ನೀರು

ದೇವರು ನಮ್ಮನ್ನು ಆರಿಸಿಕೊಂಡದ್ದು ನಿಜವೇ ಆಗಿದ್ದರೆ, ಆರಿಸುವ ಮೊದಲು ನಮ್ಮ ಓಣಿಯ ಹೆಂಗಸರನ್ನು ಒಂದು ಮಾತು ಕೇಳಬೇಕಿತ್ತು. ನೀರು ಹೊರುವವರು ನಾವು. ನೀರು ಉಪ್ಪಾದ ದಿನ ಒಲೆಯ ಮುಂದೆ ಕೂತು ಮಕ್ಕಳ ಮುಖ ನೋಡುವವರೂ ನಾವು. ನನ್ನ ಹೆಸರು ಹದಸ್ಸಾ. ವಯಸ್ಸು ಅರವತ್ತೆರಡು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಎಣ್ಣೆಯ ಗಾಣವಿದೆ, ಬಾಯಿ ಸ್ವಲ್ಪ ಜೋರು. ಜೋರಾಗುವುದಕ್ಕೆ ಕಾರಣವಿದೆ, ಹೇಳುತ್ತೇನೆ.

ನಮ್ಮ ಊರಿನಲ್ಲಿ ಯೆಹೂದ್ಯರದು ಒಂಬತ್ತು ಮನೆ, ಒಂದೇ ಓಣಿ. ಶನಿವಾರ ನಾವು ಗಾಣ ಕಟ್ಟುವುದಿಲ್ಲವಾದ್ದರಿಂದ ಊರಿನವರು ನಮ್ಮನ್ನು ಶನಿವಾರದವರು ಎನ್ನುತ್ತಾರೆ. ಊರಿಗೆಲ್ಲ ಇರುವುದು ಒಂದೇ ದೊಡ್ಡ ಬಾವಿ. ಎಲ್ಲರೂ ಅದೇ ರಾಟೆ, ಅದೇ ಹಗ್ಗದಲ್ಲಿ ಸೇದುತ್ತೇವೆ. ಊರಿನಲ್ಲಿ ಯಾರಾದರೂ ಯಾರಿಗಾದರೂ ಅನ್ಯಾಯ ಮಾಡಿ ಮುಚ್ಚಿಟ್ಟರೆ ಮರುದಿನ ಬೆಳಿಗ್ಗೆ ಆ ನೀರು ನಮ್ಮ ನಾಲಿಗೆಗೆ ಉಪ್ಪಾಗುತ್ತದೆ. ನಮ್ಮ ನಾಲಿಗೆಗೆ ಮಾತ್ರ. ನನ್ನ ಕೊಡದ ನೀರನ್ನು ನಮ್ಮವಳಲ್ಲದ ಪಕ್ಕದ ಮನೆಯ ದ್ಯಾವಕ್ಕ ಕುಡಿದರೆ ಸಿಹಿ, ಅವಳ ಕೊಡದ ನೀರನ್ನು ನಾನು ಕುಡಿದರೆ ಸಮುದ್ರ. ಮೂಗು ಮುಚ್ಚಿಕೊಂಡು ನುಂಗಿದರೂ ಹೊಟ್ಟೆಯಲ್ಲಿ ನಿಲ್ಲದು. ಮಾಡಿದವನನ್ನು ಹುಡುಕಿ, ಅವನ ಕೈಯಿಂದಲೇ ಅದನ್ನು ಸರಿಪಡಿಸುವ ತನಕ ಹೀಗೆಯೇ. ಊರು ಬಿಟ್ಟು ಹೋದರೂ ಪಾರಾಗುವಂತಿಲ್ಲ. ಹೊಳೆಯಾಚೆಗೆ ಮದುವೆಯಾಗಿ ಹೋದ ನನ್ನ ಮಗಳು ತಿರ್ಜಾ ಅಲ್ಲಿನ ಸಿಹಿ ಬಾವಿಯ ದಂಡೆಯಲ್ಲಿ ನಿಂತು ನಮ್ಮ ಊರಿನ ಕಳ್ಳರಿಗೆ ಶಾಪ ಹಾಕಿದ್ದುಂಟು.

ಇದಕ್ಕೆಲ್ಲ ಎರಡೂ ಕಡೆಯವರು ಹೊಂದಿಕೊಂಡಿದ್ದರು. ನಮ್ಮ ಒಂದೊಂದು ಅಂಗಳದಲ್ಲೂ ಐದಾರು ತೆಂಗಿನ ಮರ. ಎಳನೀರಿಗೆ ಉಪ್ಪು ಹತ್ತುವುದಿಲ್ಲ. ಊರಿಗೆಲ್ಲ ನೀರು ಬೆರೆಸಿದ ಹಾಲು ಹಾಕುವ ಗೌಳಿ ನಮ್ಮ ಓಣಿಗೆ ಮಾತ್ರ ಗಟ್ಟಿ ಹಾಲು ತರುತ್ತಿದ್ದ, ಏಕೆಂದರೆ ಒಂದು ಚಮಚ ನೀರು ಸೇರಿದರೂ ನಮಗೆ ಗೊತ್ತಾಗುತ್ತಿತ್ತು. ನಮ್ಮ ಬಾಗಿಲುಗಳ ಮುಂದೆ ಎಳನೀರಿನ ಬುರುಡೆ ಬಿದ್ದಿದ್ದರೆ ಊರಿನಲ್ಲಿ ಮದುವೆಯ ಮಾತುಕತೆಗಳನ್ನು ಮುಂದಕ್ಕೆ ಹಾಕುತ್ತಿದ್ದರು, ಯಾರ ಮನೆಯ ಹುಳುಕು ಹೊರಬರುವುದೋ ಎಂದು. ಆಗ ನಮ್ಮವರು ಮನೆಮನೆಯ ಬಾಗಿಲು ತಟ್ಟಿ, ನೀರು ಉಪ್ಪಾಗಿದೆ, ನಿಮ್ಮಲ್ಲೇನಾದರೂ ಇದೆಯಾ ಎಂದು ಕೇಳಬೇಕು. ಕೇಳುವ ಹಕ್ಕು ನಮಗುಂಟು. ಉತ್ತರ ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ಕೆಲವರು ನಮ್ಮ ಮಕ್ಕಳ ಒಣ ತುಟಿ ನೋಡಿ ತಾವಾಗಿಯೇ ಒಪ್ಪಿಕೊಳ್ಳುತ್ತಿದ್ದರು. ಇನ್ನು ಕೆಲವರು ಇದೆಲ್ಲ ಶನಿವಾರದವರ ನಾಟಕ, ದೊಡ್ಡವರೆನಿಸಿಕೊಳ್ಳಲು ಹೂಡಿದ ಆಟ ಎನ್ನುತ್ತಿದ್ದರು. ದೇವರು ಆರಿಸಿಕೊಂಡವರಂತೆ, ಪುಣ್ಯವಂತರು ಎಂದು ಸಂತೆಯಲ್ಲಿ ಬೆನ್ನ ಹಿಂದೆ ನಗುವವರಿಗೆ ನಾನು ಎಷ್ಟೋ ಸಲ ತಿರುಗಿ ನಿಂತು ಹೇಳಿದ್ದೇನೆ, ಬೇಕಾದರೆ ಈ ಪುಣ್ಯ ನೀವೇ ತಗೊಳ್ಳಿ ಎಂದು. ಒಬ್ಬರೂ ಕೈ ಚಾಚಲಿಲ್ಲ.

ನಮ್ಮ ಪ್ರಾರ್ಥನಾ ಮಂದಿರದ ಹಿರಿಯ ಎಲ್ಯಾಜರಜ್ಜ. ಅವನು ಮಕ್ಕಳಿಗೆ ಹೇಳುವ ಕಥೆಯೊಂದಿದೆ. ದೇವರು ಧರ್ಮಶಾಸ್ತ್ರವನ್ನು ಹೊತ್ತು ಎಲ್ಲ ಜನಗಳ ಬಾಗಿಲಿಗೂ ಹೋದನಂತೆ. ಪ್ರತಿಯೊಬ್ಬರೂ ಅದರಲ್ಲೇನಿದೆ ಎಂದು ಕೇಳಿ, ತಮಗೆ ಆಗಿಬರದು ಎಂದು ಬಾಗಿಲು ಹಾಕಿಕೊಂಡರಂತೆ. ನಮ್ಮವರು ಮಾತ್ರ ಏನೂ ಕೇಳದೆ ಆಗಲಿ ಎಂದರಂತೆ. ಇದನ್ನು ಹೇಳುವಾಗ ಅಜ್ಜನ ಎದೆ ಉಬ್ಬುತ್ತದೆ. ನನಗೆ ಮೈ ಉರಿಯುತ್ತದೆ. ಏನೂ ಕೇಳದೆ ಒಪ್ಪಿಕೊಂಡರು ಎಂಬುದನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ, ನಮ್ಮವರು ಈಗಲೂ ಏನನ್ನೂ ಕೇಳುವುದಿಲ್ಲ.

ನಮ್ಮ ಓಣಿಯಿಂದ ಹೊರಬಿದ್ದು ಬಲಕ್ಕೆ ತಿರುಗಿದರೆ ಊರು. ಎಡಕ್ಕೆ ತಿರುಗಿದರೆ ಒಂದೇ ಒಂದು ಮನೆ, ಅದರಾಚೆ ಹೊಲ. ಆ ಮನೆ ಓಬದ್ಯನದು. ಓಬದ್ಯನೂ ಶನಿವಾರ ಗಾಣ ಕಟ್ಟುವುದಿಲ್ಲ. ನಮ್ಮ ಹಬ್ಬಗಳೇ ಅವನ ಹಬ್ಬ, ನಮ್ಮ ಉಪವಾಸವೇ ಅವನ ಉಪವಾಸ. ಎಂಟನೆಯ ದಿನ ಅವನ ಮಕ್ಕಳಿಗೂ ಸುನ್ನತಿಯಾಗಿದೆ. ಆದರೆ ಅವನ ಮುತ್ತಜ್ಜಿ ನಮ್ಮ ಹಿಂದಿನವರ ಮನೆಯಲ್ಲಿ ಆಳಾಗಿದ್ದವಳು. ಅವಳಿಗೆ ಮಗು ಕೊಟ್ಟವನು ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಆ ಮನೆಯವರು ನಮ್ಮವರಲ್ಲ ಎಂದಾಯಿತು. ಓಬದ್ಯ ಮಂದಿರಕ್ಕೆ ಬಂದರೆ ಜಗುಲಿಯಲ್ಲಿ, ಚಪ್ಪಲಿ ಬಿಡುವ ಕಡೆ ಕೂರುತ್ತಿದ್ದ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರಿರಬೇಕು. ಆ ಲೆಕ್ಕಕ್ಕೆ ಅವನು ಬರುತ್ತಿರಲಿಲ್ಲ. ನಾಲ್ಕು ತಲೆಮಾರಿನಿಂದ ಹೀಗೆಯೇ ನಡೆದುಕೊಂಡು ಬಂದಿತ್ತು, ನಾನೂ ಅದನ್ನು ಅಷ್ಟಾಗಿ ಗಮನಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕೊನೆಯ ಮನೆಯ ಹನೋಕಣ್ಣ ತೀರಿಕೊಂಡ. ಅವನೊಂದಿಗೆ ನಮ್ಮ ಗಂಡಸರು ಹತ್ತರಿಂದ ಒಂಬತ್ತಕ್ಕಿಳಿದರು. ಸತ್ತವನಿಗಾಗಿ ಪ್ರಾರ್ಥನೆ ಹೇಳಬೇಕು, ಹತ್ತನೆಯವನಿಲ್ಲ. ಓಬದ್ಯ ಬೆಳಗಿನಿಂದ ಜಗುಲಿಯಲ್ಲೇ ನಿಂತಿದ್ದ; ಗುಂಡಿ ತೋಡಿದವರಲ್ಲಿ ಅವನೂ ಒಬ್ಬ. ಎಲ್ಯಾಜರಜ್ಜ ಹೊಳೆಯಾಚೆಗೆ ಆಳು ಕಳಿಸಿ, ಅಲ್ಲಿದ್ದ ನಮ್ಮ ಪೈಕಿಯ ಮರದ ವ್ಯಾಪಾರಿ ಎಜ್ರನನ್ನು ಕರೆಸಿದ. ಅವನ ಗಾಡಿ ಬರುವ ಹೊತ್ತಿಗೆ ಸೂರ್ಯ ಇಳಿದಿದ್ದ, ಹನೋಕಣ್ಣನ ಹೆಂಡತಿ ಅಷ್ಟು ಹೊತ್ತೂ ಕಾದು ಕೂತಿದ್ದಳು. ಎಜ್ರ ಒಳಗೆ ಹೋದ. ಅವನ ಎತ್ತಿಗೆ ಹುಲ್ಲು ಹಾಕು ಎಂದು ಓಬದ್ಯನಿಗೆ ಹೇಳಿದರು. ಹೇಳಿದರು ಎಂದೇಕೆ ಸುಳ್ಳಾಡಲಿ, ಹೇಳಿದವಳು ನಾನು. ಮರುದಿನ ಬೆಳಿಗ್ಗೆ ನೀರು ಉಪ್ಪಾಗಿತ್ತು.

ಯಥಾಪ್ರಕಾರ ನಾವು ಬಲಕ್ಕೆ ತಿರುಗಿದೆವು. ಅಕ್ಕಿ ಅಂಗಡಿಯವನ ಬಾಗಿಲು ತಟ್ಟಿದೆವು, ಪಾಲಿಗಾಗಿ ಜಗಳವಾಡುತ್ತಿದ್ದ ಅಣ್ಣತಮ್ಮಂದಿರ ಬಾಗಿಲು ತಟ್ಟಿದೆವು. ಸೊಸೆಗೆ ಬರೆ ಹಾಕಿದ ಒಬ್ಬಳು ಸಿಕ್ಕಿದಳು, ದೇವಸ್ಥಾನದ ಹಿತ್ತಾಳೆ ಗಂಟೆ ಮಾರಿಕೊಂಡ ಒಬ್ಬ ಸಿಕ್ಕಿದ. ಎರಡನ್ನೂ ಸರಿಪಡಿಸಿದ್ದಾಯಿತು, ನೀರು ಉಪ್ಪಾಗಿಯೇ ಇತ್ತು. ನಾಲ್ಕನೆಯ ದಿನ, ಗಂಡ ದೂರದ ಊರಿಗೆ ದುಡಿಯಲು ಹೋಗಿದ್ದರಿಂದ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದ ತಿರ್ಜಾಳಿಗೆ ಗಂಡು ಮಗುವಾಯಿತು. ಹೆತ್ತವಳಿಗೆ ಒಂದು ಗುಟುಕು ನೀರಿಲ್ಲ. ಜ್ವರದ ಬಾಯಿಗೆ ಹಾಲು ಹಿಡಿಸದು. ಬಾಣಂತಿಗೆ ಎಳನೀರು ಶೀತ ಎಂದು ಸೂಲಗಿತ್ತಿ ಬೇಡವೆಂದಳು. ತಡೆಯಲಾರದೆ ನಾನೇ ಕದ್ದು ಕೊಟ್ಟೆ. ಅವಳಿಗೆ ಮೈಯೆಲ್ಲ ನಡುಕ ಬಂದು ಕಣ್ಣು ಮೇಲಾಯಿತು. ಐದನೆಯ ದಿನಕ್ಕೆ ಅವಳ ಎದೆಹಾಲು ಬತ್ತತೊಡಗಿತು. ಗೌಳಿಯ ಹಾಲು ನೆಕ್ಕಿಸಿದರೆ ಮಗು ಕಕ್ಕುತ್ತಿತ್ತು. ಮಗು ಎದೆಗೆ ಬಾಯಿ ಹಾಕಿ, ಏನೂ ಬರದೆ, ಅತ್ತು ಅತ್ತು ಸುಸ್ತಾಗಿ ಸುಮ್ಮನಾಗುತ್ತಿತ್ತು. ಅಳುವ ಮಗುವನ್ನು ಸಹಿಸಬಹುದು, ಅಳು ನಿಲ್ಲಿಸಿದ ಮಗುವನ್ನು ನೋಡಲಾಗುವುದಿಲ್ಲ.

ನನಗೆ ತಲೆ ಕೆಟ್ಟಿತು. ಆರನೆಯ ದಿನ ದ್ಯಾವಕ್ಕನ ಬಾಗಿಲಿಗೇ ಹೋಗಿ, ನಿನ್ನ ಮಗ ಏನೋ ಮಾಡಿದ್ದಾನೆ, ಒಪ್ಪಿಕೊಳ್ಳಲು ಹೇಳು ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಅವಳ ಮಗ ಏನೂ ಮಾಡಿರಲಿಲ್ಲ. ನಲವತ್ತು ವರ್ಷದಿಂದ ನೆರೆಯವಳಾಗಿದ್ದ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ದಿನಗಳಲ್ಲಿ ಊರಿನ ಪ್ರತಿಯೊಂದು ಮನೆಯನ್ನೂ ಮೂರು ಮೂರು ಸಲ ಕೆದಕಿದ್ದೆವು. ಮಗುವಿಗೆ ಹಾಲೂಡಿಸಿ ಎಂದು ಕೇಳಿಕೊಂಡು ಹೋದರೆ ಮೊಲೆಯುಣಿಸುವ ತಾಯಂದಿರು ಮುಖ ತಿರುಗಿಸಿದರು. ಅವರನ್ನು ಏನೆನ್ನಲಿ, ಅವರ ಗಂಡಂದಿರನ್ನು ಕಳ್ಳರೆಂದು ಕರೆದು ಬಂದವರು ನಾವೇ.

ಹತ್ತನೆಯ ದಿನ ಮಧ್ಯಾಹ್ನ ನನಗೆ ಓಬದ್ಯನ ಸೊಸೆ ನೆನಪಾದಳು. ಅವಳ ಕೂಸಿಗೆ ಆರು ತಿಂಗಳು. ಅವರು ನಮ್ಮವರಲ್ಲವಲ್ಲ, ಅವರ ನೀರು ಸಿಹಿಯಾಗಿರುತ್ತದೆ, ಅವಳಿಗೆ ಹಾಲು ತುಂಬಿರುತ್ತದೆ ಎಂದು ಲೆಕ್ಕ ಹಾಕಿದೆ. ಹೀಗೆ ಲೆಕ್ಕ ಹಾಕುವಾಗ ಒಂದಿಷ್ಟೂ ನಾಚಿಕೆಯಾಗಲಿಲ್ಲ ನನಗೆ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೊದಲ ಬಾರಿಗೆ ಎಡಕ್ಕೆ ತಿರುಗಿದೆ.

ಓಬದ್ಯನ ಹೆಂಡತಿ ಮಿಲ್ಕಾ ಅಂಗಳದಲ್ಲಿ ಎಳ್ಳು ಕೇರುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. ಅವಳು ಮೊರ ಕೆಳಗಿಟ್ಟು, ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದಳು.

“ನನ್ನ ಸೊಸೆಗೂ ಹಾಲಿಲ್ಲ ಅಮ್ಮ,” ಎಂದಳು. “ನೀರು ಇಳೀದೆ ಹಾಲು ಎಲ್ಲಿಂದ ಬರ್ಬೇಕು? ಕೂಸಿಗೆ ಎಳನೀರಲ್ಲಿ ಬೇಯಿಸಿದ ಗಂಜಿ ನೆಕ್ಕಿಸ್ತಾ ಇದೀವಿ.”

ನನಗೆ ಅರ್ಥವಾಗಲಿಲ್ಲ. ನೀರಿಗೇನಾಯಿತು ಎಂದು ಕೇಳಿದೆ. ಮಿಲ್ಕಾ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

“ಉಪ್ಪು,” ಎಂದಳು. “ನಿಮ್ಮನೇಲಿ ಆದ್ರೆ ನಮ್ಮನೇಲೂ ಆಗ್ತದೆ. ನಮ್ಮತ್ತೆ ಕಾಲದಲ್ಲೂ ಹಾಗೇ ಇತ್ತಂತೆ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಬಿರುಸಿತ್ತು, ತಪ್ಪು ಅವಳದೇ ಎಂಬಂತೆ. ಓಬದ್ಯನ ಅಪ್ಪ ಒಮ್ಮೆ ಹೇಳಿದ್ದನಂತೆ. ಆಗ ಹಿರಿಯನಾಗಿದ್ದವನು ಎಲ್ಯಾಜರಜ್ಜನ ತಂದೆ. ನಮ್ಮ ಸಮಕ್ಕೆ ಬರುವ ಆಸೆಗೆ ಉಪ್ಪಿನ ಕಥೆ ಕಟ್ಟಬೇಡ ಎಂದು ಗದರಿಸಿ ಕಳಿಸಿದನಂತೆ. ಆಮೇಲೆ ಇವರು ಬಾಯಿ ಬಿಟ್ಟಿಲ್ಲ. ನಾವೂ ಆ ಬಾಗಿಲು ತಟ್ಟಿಲ್ಲ. ನಮ್ಮವರ ಪಟ್ಟಿಯಲ್ಲಿ ಆ ಮನೆ ಇರಲಿಲ್ಲ, ಹುಡುಕಬೇಕಾದ ಊರಿನ ಪಟ್ಟಿಯಲ್ಲೂ ಇರಲಿಲ್ಲ.

ಅಲ್ಲಿಂದ ನೇರ ಎಲ್ಯಾಜರಜ್ಜನ ಮನೆಗೆ ಹೋದೆ. ಅಜ್ಜನ ತುಟಿಗಳು ಬಿರಿದಿದ್ದವು, ಹತ್ತು ದಿನದಿಂದ ಅವನೂ ಎಳನೀರಿನ ಮೇಲೇ ಇದ್ದ. ಹೇಳಿದ್ದನ್ನೆಲ್ಲ ಕೇಳಿ, ಅವರ ಮನೆಯ ನೀರು ತರಿಸು ಎಂದ. ಚೆಂಬು ಬಂತು. ಒಂದು ಹನಿ ನಾಲಿಗೆಗೆ ಹಚ್ಚಿ, ಉಪ್ಪು ನಿಜ, ಆದರೆ ನನಗೆ ಎಲ್ಲ ನೀರೂ ಉಪ್ಪೇ ತಾನೆ ಎಂದ. ದಾರಿಯಲ್ಲಿ ಹೋಗುತ್ತಿದ್ದ ಗೌಳಿಯನ್ನು ಕರೆದು ಕುಡಿಸಿದ. ಗೌಳಿಗೆ ಸಿಹಿ. ಇದರಿಂದ ಏನೂ ಸಾಬೀತಾಗಲಿಲ್ಲ ಎಂದು ಅಜ್ಜ ಚೆಂಬು ಕೆಳಗಿಟ್ಟ.

ಆಗ ನನ್ನ ತಲೆಗೆ ಸಿಟ್ಟು ಏರಿತು.

“ನಿನ್ನ ನೀರು ಉಪ್ಪು ಅನ್ನೋದಕ್ಕೆ ಏನಜ್ಜ ಸಾಕ್ಷಿ?” ಎಂದೆ. “ಊರೋರು ನಿನ್ನ ಬಾಯಿ ಒಳಗೆ ಇಳಿದು ನೋಡಿದಾರಾ? ನಾವು ಬಾಯಾರಿಕೆ ಅಂದ್ವಿ, ಅವ್ರು ನಂಬಿದ್ರು. ನಂಬದೋರ್ನ ನೀನು ಕಟುಕ ಅಂದೆ. ಈಗ ಓಬದ್ಯ ಬಾಯಾರಿಕೆ ಅಂದ್ರೆ ನಿನಗೆ ಸಾಬೀತು ಬೇಕಾ?”

ಅಜ್ಜ ಚೆಂಬನ್ನು ದೂರ ಸರಿಸಿದ. ಆಮೇಲೆ ಮೆಲ್ಲಗೆ, ಇದನ್ನು ಒಪ್ಪಿಕೊಂಡರೆ ನನ್ನ ಅಪ್ಪ ಮಾಡಿದ್ದು ತಪ್ಪು, ಅವನ ಅಪ್ಪ ಮಾಡಿದ್ದೂ ತಪ್ಪು ಎಂದಾಗುತ್ತದೆ ಎಂದ. ಹೌದು, ಆಗುತ್ತದೆ ಎಂದೆ. ನಾಳೆ ಮಗುವಿನ ಸುನ್ನತಿಗೆ ಎಜ್ರನಿಗೆ ಹೇಳಿ ಕಳಿಸಿಯಾಗಿದೆ, ನೀನು ಮನೆಗೆ ಹೋಗು ಎಂದು ಎದ್ದು ಒಳಗೆ ಹೋದ. ಅವನ ಮೇಲೆ ಕನಿಕರವೂ ಬಂತು, ಕನಿಕರ ಬಂದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ಮರುದಿನ ಮಗುವಿಗೆ ಎಂಟನೆಯ ದಿನ. ನಮ್ಮಲ್ಲಿ ಅಜ್ಜಿಯಾದವಳು ಮಗುವನ್ನು ಬಾಣಂತಿಯ ಕೋಣೆಯಿಂದ ಎತ್ತಿಕೊಂಡು ಬಂದು ಮಂದಿರದ ಹೊಸ್ತಿಲಲ್ಲಿ ಗಂಡಸರ ಕೈಗೆ ಕೊಡಬೇಕು. ಯಾರ ತೊಡೆಯ ಮೇಲೆ ಮಗುವನ್ನು ಮಲಗಿಸಿ ಸುನ್ನತಿ ಮಾಡುತ್ತಾರೋ ಅವನಿಗೆ ದೊಡ್ಡ ಮರ್ಯಾದೆ. ಆ ಪೀಠದಲ್ಲಿ ಕೂರಲು ಎಜ್ರ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಕತ್ತಿ ಹಿಡಿಯುವವನು ಎಲ್ಯಾಜರಜ್ಜ. ಎಲ್ಲರೂ ಒಳಗೆ ಕಾಯುತ್ತಿದ್ದರು. ಓಬದ್ಯ ಎಂದಿನಂತೆ ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದ.

ನಾನು ಹೊಸ್ತಿಲ ತನಕ ಹೋಗಲಿಲ್ಲ. ಜಗುಲಿಯಲ್ಲೇ ಬಗ್ಗಿ ಮಗುವನ್ನು ಓಬದ್ಯನ ತೊಡೆಯ ಮೇಲೆ ಮಲಗಿಸಿದೆ. ಇಲ್ಲಿಂದ ಇವನೇ ಒಳಗೆ ತರಬೇಕು, ಇಲ್ಲವಾದರೆ ಮಗುವಿಗೆ ಇವತ್ತು ಹೆಸರೂ ಇಲ್ಲ ಏನೂ ಇಲ್ಲ ಎಂದೆ. ಒಳಗೆ ಗುಜುಗುಜು ಎದ್ದಿತು. ಓಬದ್ಯ ಮಗುವನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಸಂತೋಷದ ಸುಳಿವೂ ಇರಲಿಲ್ಲ.

“ಗಂಟಲು ಒಣಗಿದ ಮೇಲೆ ನೆನಪಾದ್ನಾ?” ಎಂದ.

“ಹೌದು,” ಎಂದೆ. ನಿಜವೇ ಅದಾಗಿತ್ತು.

ನನ್ನ ಮೇಲಿನ ಸಿಟ್ಟಿಗೆ ಅವನು ಮಗುವನ್ನು ಹಿಂದಕ್ಕೆ ಕೊಟ್ಟಿದ್ದರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಮಗು ಆಗ ಅಳಲು ನೋಡಿತು. ಬಾಯಿ ತೆರೆದರೂ ದನಿ ಹೊರಡಲಿಲ್ಲ. ಓಬದ್ಯ ಅದನ್ನು ಎದೆಗಾನಿಸಿಕೊಂಡು ಎದ್ದ. ಯಾರ ಅಪ್ಪಣೆಯನ್ನೂ ಕೇಳದೆ ಹೊಸ್ತಿಲು ದಾಟಿ, ನಡುವಿನ ಪೀಠದ ತನಕ ನಡೆದು, ಕೂತುಬಿಟ್ಟ. ಎಲ್ಯಾಜರಜ್ಜ ಕತ್ತಿ ಹಿಡಿದು ನಿಂತೇ ಇದ್ದ. ಅವನು ಅಳುತ್ತಿದ್ದನೋ ಬೆವರುತ್ತಿದ್ದನೋ ಹೆಂಗಸರ ಕಟ್ಟೆಯಿಂದ ನನಗೆ ಕಾಣಲಿಲ್ಲ. ಕೊನೆಗೆ ಎಜ್ರನ ಕಡೆ ತಿರುಗಿ, ಹತ್ತು ಜನ ಆದೆವು, ನೀನು ಹೋಗಿ ನಿನ್ನ ಎತ್ತು ನೋಡಿಕೋ ಎಂದ. ಆಮೇಲೆ ಓಬದ್ಯನ ತೊಡೆಯ ಮೇಲೆ ಬಾಗಿದ.

ಮಗುವಿಗೆ ಹೆಸರಿಟ್ಟು ಮುಗಿಯುವಷ್ಟರಲ್ಲಿ ಓಣಿಯ ತುದಿಯಿಂದ ಯಾರೋ ಹುಡುಗಿ, ಸಿಹಿಯಾಯಿತು, ಸಿಹಿಯಾಯಿತು ಎನ್ನುತ್ತ ಓಡಿ ಬಂದಳು. ನಾನು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ. ತಿರ್ಜಾ ಮೊದಲ ಲೋಟವನ್ನು ಹೆದರಿ ಹೆದರಿ ಕುಡಿದಳು, ಎರಡನೆಯದನ್ನು ಗಟಗಟನೆ ಕುಡಿದಳು, ಮೂರನೆಯದನ್ನು ಮುಖಕ್ಕೆಲ್ಲ ಸುರಿದುಕೊಂಡು ಅತ್ತಳು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಟಬಾಯಿಯಲ್ಲಿ ಹಾಲಿನ ಗೆರೆ ಕಂಡಿತು. ನಾನು ಗೋಡೆಗೊರಗಿ ಕೂತು ಆ ಗೆರೆಯನ್ನೇ ಎಷ್ಟೋ ಹೊತ್ತು ನೋಡಿದೆ.

ಮಂದಿರದ ಅಂಗಳದಲ್ಲಿ ಊಟವಾಯಿತು. ಹನ್ನೊಂದು ದಿನದ ಮೇಲೆ ನೀರು ಸಿಕ್ಕ ಜನ ಊಟಕ್ಕಿಂತ ನೀರನ್ನೇ ಹೆಚ್ಚು ಬಡಿಸಿಕೊಂಡರು. ಅರ್ಧ ಊಟವಾದ ಮೇಲೆ ನೋಡುತ್ತೇನೆ, ಓಬದ್ಯ ಇಲ್ಲ. ಸುನ್ನತಿ ಮುಗಿದೊಡನೆ ಎದ್ದು ಹೋದನಂತೆ. ನಿಲ್ಲು ಎಂದವರು ಯಾರೂ ಇಲ್ಲ. ಮಿಲ್ಕಾಳನ್ನಂತೂ ಯಾರೂ ಕರೆದೇ ಇರಲಿಲ್ಲ. ನನ್ನ ಮೊಮ್ಮಗನ ಊಟ, ಕರೆಯಬೇಕಾದವಳು ನಾನು. ಒಂದು ದೊಡ್ಡ ತಟ್ಟೆಯಲ್ಲಿ ಅನ್ನ, ಮೀನು, ಸಿಹಿ ಎಲ್ಲ ಹಾಕಿ, ಮೇಲೆ ಬಾಳೆಎಲೆ ಮುಚ್ಚಿಕೊಂಡು ಎಡಕ್ಕೆ ತಿರುಗಿದೆ.

ಮಿಲ್ಕಾ ತಟ್ಟೆಯನ್ನು ನೋಡಿದಳು, ಕೈ ಚಾಚಲಿಲ್ಲ. ತಟ್ಟೆ ಕಳಿಸುವುದು ನಿಮ್ಮ ಮನೆಯಲ್ಲಿ ಹಳೆಯ ಪದ್ಧತಿ, ನಮ್ಮತ್ತೆಯೂ ಇಸಿದುಕೊಳ್ಳುತ್ತಿದ್ದರು ಎಂದಳು. ನಾನು ತಟ್ಟೆಯನ್ನು ಜಗುಲಿಯ ಮೇಲಿಟ್ಟು ಅವಳೆದುರು ನೆಲದಲ್ಲಿ ಕೂತೆ. ನೀರು ಸಿಹಿಯಾಯಿತಲ್ಲ, ಇನ್ನು ನಿನ್ನ ಸೊಸೆಗೂ ಹಾಲು ಬರುತ್ತದೆ ಎಂದೆ.

“ನಿನ್ನೆವರೆಗಿನ ಉಪ್ಪಿಲ್ಲ,” ಎಂದಳು ಮಿಲ್ಕಾ. “ಅದು ಹನೋಕಣ್ಣನ ದಿನದ್ದು, ಹೋಯ್ತು. ಗಂಟಲಿಗೆ ಇಳೀತದೆ, ಹಾಲೂ ಬಂದೀತು. ಆದ್ರೆ ನಮ್ಮ ನೀರು ಪೂರ್ತಿ ಸಿಹಿಯಾಗಿದ್ದು ಯಾವತ್ತು? ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷ. ಊರಿಂದು ಯಾವ್ದು, ನಿಮ್ಮ ಓಣಿಯದು ಯಾವ್ದು ಅಂತ ನನ್ನ ನಾಲಿಗೆಗೆ ಬೇರೆಬೇರೆ ಗೊತ್ತಾಗ್ತದೆ. ಊರಿಂದು ಬರ್ತದೆ, ಹೋಗ್ತದೆ. ನಿಮ್ಮ ಹಳೇದು ಹೋಗೋದಿಲ್ಲ.”

ಅವಳು ಅದನ್ನು ಅಡುಗೆಯ ವಿಷಯ ಹೇಳುವ ಹಾಗೆ ಹೇಳಿದಳು. ನಾನು ಒಳಗೆ ಹೋಗಿ ಅವಳ ಕೊಡದಿಂದಲೇ ಲೋಟ ಮುಳುಗಿಸಿ ಕುಡಿದೆ. ಸಿಹಿಯಾಗಿತ್ತು. ಇನ್ನೊಂದು ಗುಟುಕು ಬಾಯಲ್ಲಿ ಹಿಡಿದು, ನಾಲಿಗೆಯನ್ನು ಹಲ್ಲಿಗೆ ತಿಕ್ಕಿ ತಿಕ್ಕಿ ಹುಡುಕಿದೆ. ಉಪ್ಪಿನ ಸುಳಿವೇ ಇಲ್ಲ. ಅರವತ್ತೆರಡು ವರ್ಷ ಊರಿನವರ ಪಾಪಕ್ಕೆಲ್ಲ ಉರಿದ ನಾಲಿಗೆ, ನಮ್ಮದೇ ಹಳೆಯ ಪಾಪದ ಮುಂದೆ ಸತ್ತ ಹಾಗೆ ಬಿದ್ದಿತ್ತು. ಆ ನೀರನ್ನು ನುಂಗಲಾಗದೆ ಹಿತ್ತಲಿಗೆ ಉಗಿದೆ. ದೇವರ ಮೇಲೆ ಸಿಟ್ಟು ಬಂತು, ಈ ನಾಲಿಗೆ ಕೊಟ್ಟು ಇಷ್ಟು ದಿನ ಮೆರೆಸಿದ್ದಕ್ಕೆ. ಅಜ್ಜನ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ ಬಂತು.

ಮಂದಿರಕ್ಕೆ ವಾಪಸು ಹೋದಾಗ ಗಂಡಸರು ಎಲೆಯ ಮುಂದೆ ಇನ್ನೂ ಕೂತಿದ್ದರು, ಎಲ್ಯಾಜರಜ್ಜ ಮಕ್ಕಳಿಗೆ ಏನೋ ಹೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತು, ನೀರು ಉಪ್ಪಾಗಿದೆ ಎಂದೆ. ಎಲ್ಲರೂ ಬೆಚ್ಚಿ ಲೋಟ ಎತ್ತಿದರು. ಒಬ್ಬೊಬ್ಬರೇ ಕುಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಕ್ಕವರೂ ಇದ್ದರು. ಸಿಹಿಯಾಗಿಯೇ ಇದೆಯಲ್ಲ ಹದಸ್ಸಾ, ನಿನಗೇನಾಯಿತು ಎಂದ ಅಜ್ಜ.

“ನನಗೂ ಸಿಹಿಯಾಗೇ ಇದೆ,” ಎಂದೆ. “ಮಿಲ್ಕಾ ಉಪ್ಪು ಅಂತಾಳೆ. ಏಳಿ.”

ಯಾರೂ ಏಳಲಿಲ್ಲ. ನಾನು ಬಾಗಿಲು ಬಿಟ್ಟು ಕದಲಲಿಲ್ಲ.